ಎರಡು ಬೆರಳಿನಕ್ಕ
ವಾರಕ್ಕೊಮ್ಮೆ ಓಣಿಯ ಹೆಂಗಸರೆಲ್ಲ ಬಟ್ಟೆಯ ಗಂಟು ಹೊತ್ತು ಬಂದು ಅವಳ ನಡುಮನೆಯಲ್ಲಿ ಹೊಲಿಯಲು ಕೂರುತ್ತಾರೆ, ಯಾರು ಕತ್ತರಿ ಎತ್ತಿದರೂ ಅವಳ ಬಾಯಿಂದ ಬರುವುದು ಒಂದೇ ಮಾತು: "ಒಳಗೆ ಎರಡು ಬೆರಳು ಬಟ್ಟೆ ಬಿಡಿ. ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ." ಅದಕ್ಕೇ ಅವಳು ಎಲ್ಲರಿಗೂ ಎರಡು ಬೆರಳಿನಕ್ಕ. ದಿಂಬಿನ ಚೀಲಕ್ಕೂ ಎರಡು ಬೆರಳು ಬಿಡಿಸಿದವಳು, "ದಿಂಬೂ ಬೆಳೆಯುತ್ತಾ ಅಕ್ಕಾ?" ಎಂದರೆ, "ಯಾರಿಗೆ ಗೊತ್ತು" ಎಂದು ಗುಂಡುಸೂಜಿ ಕಚ್ಚಿದ ತುಟಿಯಲ್ಲೇ ಗೊಣಗುವವಳು. ಎಡತೋಳನ್ನು ಬಲಕ್ಕೆ ಕೂರಿಸಿ ಕಣ್ಣಲ್ಲಿ ನೀರು ತಂದುಕೊಂಡವರನ್ನು ಬೈಯುವುದಿಲ್ಲ. ಒಂದು ಕಡೆಯಿಂದ ಅವಳು, ಇನ್ನೊಂದು ಕಡೆಯಿಂದ ಪಕ್ಕದವಳು ಹೊಲಿಗೆ ಬಿಚ್ಚಿ, ಚಹಾ ಆರುವುದರೊಳಗೆ ತೋಳನ್ನು ಅದರ ಹೆಗಲಿಗೆ ಸೇರಿಸುತ್ತಾರೆ. ಹೆಚ್ಚಿನ ಬಟ್ಟೆ ಕಂಡರೆ ಕತ್ತರಿಸಿಯೇ ತೀರುವ ಎದುರುಮನೆಯವಳಿಗೂ ಅವಳಿಗೂ ಮಾತ್ರ ಎಣ್ಣೆ ಸೀಗೇಕಾಯಿ. ಈ ವಾರ ಅಕ್ಕನ ಮಷೀನಿನ ಮೇಲೆ ಕಾಯಿಲೆ ಬಿದ್ದ ಗಂಡನ ಅಂಗಿ ಇತ್ತು. ಎದುರುಮನೆಯವಳು ಅದನ್ನು ಮಗುಚಿ ನೋಡಿದಳು: ಪಕ್ಕದ ಹೊಲಿಗೆಯ ಒಳಗೊಂದು ಹೊಲಿಗೆ, ಅದರೊಳಗೆ ಮತ್ತೊಂದು, ತಿಂಗಳಿಗೊಂದರಂತೆ ಐದು ಸಾಲು, ಒಳಗುಳಿದ ಬಟ್ಟೆ ಈಗ ಅಂಗೈಯಗಲ. "ಇಷ್ಟೊಂದಿದ್ರೆ ಭಾವನಿಗೆ ಒತ್ತುತ್ತೆ ಅಕ್ಕಾ, ಕತ್ತರಿಸ್ಲಾ?" "ಬೇಡ," ಎಂದಳು ಅಕ್ಕ, "ಮತ್ತೆ ಮೈ ತುಂಬಿಕೊಂಡ್ರೆ ಬಿಚ್ಚೋಕೆ ಬೇಕು." ಎದುರುಮನೆಯವಳು ಕತ್ತರಿ ಕೆಳಗಿಟ್ಟಳು. ತನ್ನ ಗಂಟಿನಿಂದ ಮೆತ್ತನೆಯ ಹಳೇ ಬಟ್ಟೆಯ ಪಟ್ಟಿಯೊಂದನ್ನು ಹುಡುಕಿ, ಆ ಒರಟು ಅಂಚು ಅವನ ಪಕ್ಕೆಗೆ ಚುಚ್ಚದಂತೆ ಮುಚ್ಚಿ, ಕೈಹೊಲಿಗೆ ಹಾಕತೊಡಗಿದಳು. ಬಿಚ್ಚಲು ಸುಲಭವಾಗಲೆಂದು, ದೂರದೂರಕ್ಕೆ.