ರಂಗನಾಯಕನ ನಾಲ್ಕರ ಮಗ್ಗಿ

ನಮ್ಮ ಉಡಿಗಾಲದ ರಂಗನಾಯಕನಿಗೆ ನಾಲ್ಕರ ಮಗ್ಗಿ ಬರುತ್ತಿತ್ತು. ಬೇರೆ ಯಾವ ಮಗ್ಗಿಯೂ ಬರುತ್ತಿರಲಿಲ್ಲ. ಬರುವುದೊಂದನ್ನೇ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು, ಕಾಲು ಆಡಿಸುತ್ತ, ನಾಲ್ಕು, ಎಂಟು, ಹನ್ನೆರಡು, ಹದಿನಾರು ಎಂದು ಒದರುತ್ತಿದ್ದ. ಕೇಳುವವರು ಟೀ ಕುಡಿದು ಎದ್ದು ಹೋದರೂ ನಿಲ್ಲಿಸುತ್ತಿರಲಿಲ್ಲ. ಊರಿನಲ್ಲಿ ಕೂರಿಗೆ ಹಿಡಿದು ಬಿತ್ತುವವರು ಬೇಕಾದಷ್ಟು ಜನ ಇದ್ದರು. ಲೆಕ್ಕ ಗೊತ್ತಿರುವವನು ತಾನೊಬ್ಬನೇ ಎಂದು ಅವನ ನಂಬಿಕೆ.

ಅವನದು ನಾಲ್ಕು ತಾಳಿನ ಕೂರಿಗೆ, ನಾಲ್ಕು ಹಲ್ಲಿನದು. ಎತ್ತು ಹೊಲದ ಈ ತುದಿಯಿಂದ ಆ ತುದಿಗೆ ಒಂದು ಸಲ ಹೋದರೆ ನಾಲ್ಕು ಸಾಲು ಬಿತ್ತನೆ. ಮೂರು ಸಾಲಿಗೆ ರಾಗಿ, ನಾಲ್ಕನೆಯದಕ್ಕೆ ಅವರೆ. ಆ ಅವರೆ ಸಾಲಿಗೆ ಅಕ್ಕಡಿ ಎನ್ನುತ್ತೇವೆ. ರಾಗಿ ಮನೆಯದು, ಅಕ್ಕಡಿ ಹೆಂಗಸಿನದು. ಆ ಕಾಳನ್ನು ಅವಳು ಯಾರಿಗೆ ಕೊಟ್ಟರೂ ಗಂಡಸು ಕೇಳುವಂತಿಲ್ಲ. ನಮ್ಮ ಅತ್ತೆಯ ಕಾಲದಿಂದಲೂ ಹೀಗೆಯೇ. ರಂಗನಾಯಕನ ಮಗಳು ಲಕ್ಷ್ಮಿದೇವಿಯನ್ನು ಹರವೆ ಊರಿಗೆ ಕೊಟ್ಟಿತ್ತು. ಆ ವರ್ಷ ಅವಳು ಅತ್ತೆಯಿಂದ ಬೇರೆಯಾಗಿ ಒಲೆ ಹೂಡಿದ್ದಳು. ವರ್ಷದ ಸಾರಿಗೆ ಆಗುವಷ್ಟು ಅವರೆ ತಂದುಕೊಡುತ್ತೇನೆ ಎಂದು ತಾಯಿ ಸೋಮಮ್ಮ ಮಾತು ಕೊಟ್ಟಿದ್ದಳು.

ಅದು ಎರಡು ಸಾವಿರದ ಐದನೆಯ ಇಸವಿ. ರಸ್ತೆ ಪಕ್ಕದ ಉದ್ದ ಪಟ್ಟಿಯಲ್ಲಿ ಬಿತ್ತನೆ. ಅವರೆ ಬಿಡುವ ಬಿದಿರಿನ ಕೊಳವೆಯನ್ನು, ಅಂದರೆ ಸಡ್ಡೆಯನ್ನು, ಕೂರಿಗೆಯ ಬಲತುದಿಗೆ ಹಗ್ಗದಲ್ಲಿ ಕಟ್ಟಿಕೊಂಡು ಸೋಮಮ್ಮ ಹಿಂದೆ ನಡೆದಳು. ಹೊಲದ ತುದಿಯಲ್ಲಿ ಎತ್ತು ತಿರುಗಿದಾಗ ಹಗ್ಗ ಬಿಚ್ಚಿ ಎಡತುದಿಗೆ ಕಟ್ಟಬೇಕು. ಇಲ್ಲದಿದ್ದರೆ ಬರುವಾಗ ಬಲತುದಿ ಆಗತಾನೆ ಬಿತ್ತಿದ ಅವರೆಯ ಮಗ್ಗುಲಿಗೇ ಬರುತ್ತದೆ. ಇದು ಮಕ್ಕಳಿಗೂ ಗೊತ್ತು.

“ಒಸಿ ನಿಲ್ಸು. ಅಗ್ಗ ಬದಲಾಯ್ಸ್‌ಬೇಕು,” ಅಂದಳು ಸೋಮಮ್ಮ.

“ಓಗೋ ಎತ್ನ ನಿಲ್ಸಕಾದ್ದಾ? ನಾಕಕ್ಕೊಂದು ತಾನಾಗ್ ಬೀಳ್ತದೆ, ಲೆಕ್ಕ ನಂಗ್ ಬುಡು. ನೀ ಸುಮ್ಕೆ ಕಾಳ್ ಬುಡಮ್ಮಿ.”

ಬಿಟ್ಟಳು. ಎತ್ತು ಆರು ಸಲ ಓಡಾಡಿ ಇಪ್ಪತ್ತನಾಲ್ಕು ಸಾಲಾಯಿತು.

ಪೈರು ಮೇಲೆದ್ದಾಗ ನಾಲ್ಕು ಮತ್ತು ಐದನೆಯ ಸಾಲಿನಲ್ಲಿ ಅವರೆ ಜೊತೆಜೊತೆಗೆ ನಿಂತಿತ್ತು. ಆಮೇಲೆ ಆರು ಸಾಲು ಬರೀ ರಾಗಿ. ಮತ್ತೆ ಹನ್ನೆರಡು, ಹದಿಮೂರರಲ್ಲಿ ಅವರೆ. ಮತ್ತೆ ಆರು ಸಾಲು ರಾಗಿ. ಕೊನೆಗೆ ಇಪ್ಪತ್ತು, ಇಪ್ಪತ್ತೊಂದು. ನಾನು ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದೆ. ಜೊತೆಗಿದ್ದ ನನ್ನ ಮೈದುನ ಬೋರಯ್ಯ ಸುಮ್ಮನಿರುವವನಲ್ಲ.

“ಏನ್ಲಾ ರಂಗ, ನಿನ್ ಮಗ್ಗೀಲಿ ನಾಕಾದ್ಮೇಲೆ ಐದಾ?”

ರಂಗನಾಯಕ ಹೆಂಡತಿಯ ಕಡೆ ಕೈ ತೋರಿಸಿದ. “ಇವ್ಳು ಕಣ್ಲಾ. ಐದ್ರಲ್ಲಿ ಚೆಲ್ಬುಟ್ಟವ್ಳೆ. ತಪ್ಪಿರೋ ಸಾಲ್ನೆಲ್ಲ ಕಿತ್ತಾಕ್ತೀನಿ, ನೋಡ್ತಿರು.”

ಕಿತ್ತರೆ ಐದು, ಹದಿಮೂರು, ಇಪ್ಪತ್ತೊಂದು ಹೋಗುತ್ತವೆ. ಸೋಮಮ್ಮನ ಅರ್ಧ ಅವರೆ ಹೋದಂತೆ. ಎಂಟರಲ್ಲೂ ಹದಿನಾರರಲ್ಲೂ ಇಪ್ಪತ್ತನಾಲ್ಕರಲ್ಲೂ ಬದಲಿಗೆ ಅವರೆ ಹುಟ್ಟಿಸುತ್ತೇನೆಂದು ಅವನು ಹೇಳಲಿಲ್ಲ. ತನ್ನ ಹೆಸರು ಉಳಿಯಲೆಂದು ಹೆಂಡತಿಯ ಗಿಡ ಕೀಳುವ ಗಂಡಸು. ಅದಕ್ಕೆ ಪಂಚೆ ಎತ್ತಿಕಟ್ಟುವ ಠೀವಿ ಬೇರೆ.

ರಸ್ತೆ ಕಡೆಯ ಬದುವಿನಿಂದ ಎಣಿಸುತ್ತ ಬಂದು ಐದನೆಯ ಸಾಲಿಗೆ ಬಗ್ಗಿದ. ಎರಡು ಗಿಡ ಕಿತ್ತೂಬಿಟ್ಟ. ಸೋಮಮ್ಮ ಎದುರು ಬದುವಿಗೆ ಹೋಗಿ ನಿಂತಳು.

“ಲೆಕ್ಕ ಈ ಕಡೆಯಿಂದ್ಲೂ ಎಣ್ಸು ಬಾ. ನಾಕ್ರಲ್ಲಿ ಬಂದುದ್ನ ಕೀಳಲ್ಲ ತಾನೆ?”

“ನಾಕು, ಎಂಟು, ಅನ್ನೆರಡು, ಅದ್ನಾರು, ಇಪ್ಪತ್ತು. ಅವ್ನ ನಾನ್ಯಾಕ್ ಕೀಳ್ಲಿ? ಅವು ಲೆಕ್ಕದ್ ಸಾಲು.”

“ಬೋರಣ್ಣ, ಕೇಳಿಸ್ಕಂಡ್ಯಲ್ಲ?”

ಎಣಿಸಿದ. ಆ ಬದುವಿನಿಂದ ನಾಲ್ಕನೆಯದಾಗಿ ಸಿಕ್ಕಿದ್ದು ರಸ್ತೆ ಕಡೆಯಿಂದ ಎಣಿಸಿದ ಇಪ್ಪತ್ತೊಂದು. ಹನ್ನೆರಡನೆಯದಾಗಿ ಸಿಕ್ಕಿದ್ದು ರಸ್ತೆ ಕಡೆಯ ಹದಿಮೂರು. ಇಪ್ಪತ್ತು ಎಂದು ನಿಂತಾಗ, ಅವನೇ ಕಿತ್ತ ಎರಡು ಗಿಡ ಅವನ ಕಾಲ ಬಳಿ ಬಾಡುತ್ತಿದ್ದವು. ಕೀಳಬೇಕೆಂದಿದ್ದ ಮೂರು ಸಾಲೂ ಅವನದೇ ಮಗ್ಗಿಯೊಳಗೆ ಬಂದು ಕುಳಿತಿದ್ದವು.

ಬೋರಯ್ಯ ನಗುತ್ತ ಬದುವಿನ ಮೇಲೆ ಕುಕ್ಕರಿಸಿದ. “ಈಗ ಯಾವ್ ಕಡೆ ಬದ ತಪ್ಪು ಯೋಳ್ಲಾ? ಬದನ್ನೇ ಕಿತ್ತಾಕು, ಸರೋಯ್ತದೆ!”

ರಂಗನಾಯಕ ಕೈ ಕೊಡವಿದ. “ನಾ ಬೇಕಂತ್ಲೇ ಇಂಗ್ ಬಿತ್ತಿದ್ದು ಕಣ್ಲಾ. ಎಲ್ಡ್ ಕಡೆಯಿಂದ್ಲೂ ನಾಕೇ ಬರ್ಲಿ ಅಂತ.”

ಸಂಜೆಯ ಹೊತ್ತಿಗೆ ಟೀ ಅಂಗಡಿಯಲ್ಲಿ ಅದು ಜೋಡಿ ಅಕ್ಕಡಿ ಎನ್ನುವ ಅವನ ಹೊಸ ಪದ್ಧತಿಯಾಗಿತ್ತು. ಕೇಳುವವರು ಎಂದಿನಂತೆ ಎದ್ದು ಹೋದರು.

ಜೊತೆ ಸಾಲುಗಳು ಒಂದರ ಮೇಲೊಂದು ಹಬ್ಬಿ ಕಾಯಿ ಕಡಿಮೆಯೇ ಬಿಟ್ಟವು. ಲಕ್ಷ್ಮಿದೇವಿಗೆ ವರ್ಷ ಪೂರ್ತಿ ಸಾಲಲಿಲ್ಲ. ಆದರೂ ಆರು ಸಾಲಿನ ಕಾಳೂ ಸೋಮಮ್ಮನದೇ ಆಯಿತು. ಬಡಿದು, ಕೇರಿ, ಹರವೆಗೆ ತಾನೇ ಹೊತ್ತುಕೊಂಡು ಹೋದಳು.

ಮಾರನೆಯ ವರ್ಷದ ಬಿತ್ತನೆಯಲ್ಲಿ ಹೊಲದ ತುದಿ ಬಂದಾಗಲೆಲ್ಲ ಅವಳು ಎತ್ತಿನ ಮುಂದೆ ಅಡ್ಡ ನಿಂತು, ಆಮೇಲೆ ಹಗ್ಗ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿದಳು. ರಂಗನಾಯಕ ಪ್ರತಿ ಸಲವೂ ಗೊಣಗಿದ. ಆ ಬಿತ್ತನೆ ಮುಗಿಯುವುದರೊಳಗೆ ಎತ್ತುಗಳು ಬದು ಕಂಡ ಕೂಡಲೇ ತಾವಾಗಿ ನಿಲ್ಲುವುದನ್ನು ಕಲಿತವು. ಅವನು ಈಗಲೂ “ನಡಿ, ನಡಿ” ಎಂದು ಬಾಲ ತಿರುವುತ್ತಾನೆ. ಸೋಮಮ್ಮ ಗಂಟು ಬಿಗಿಯುವವರೆಗೆ ಎತ್ತುಗಳು ಕದಲುವುದಿಲ್ಲ.