ಲೆಕ್ಕಕ್ಕೆ ಹಿಡಿಯದ ಕೈ

ವೈನಿ, ನಿಮ್ಮ ದುಡಿಮೆಯನ್ನು ನಾನು ಬಿಟ್ಟಿಯೆಂದು ಮಾರಿದೆ. ಮರೆತು ಅಲ್ಲ, ಗೊತ್ತಿದ್ದೇ. ಇಷ್ಟು ವರ್ಷ ಅದಕ್ಕೆ ಏನೇನೋ ಹೆಸರು ಕೊಟ್ಟುಕೊಂಡೆ — ವ್ಯಾಪಾರ, ಅನಿವಾರ್ಯ, ಮನೆಯವರ ನಡುವೆ ಎಂಥ ಲೆಕ್ಕ — ಈಗ ಯಾವುದೂ ನಿಲ್ಲುತ್ತಿಲ್ಲ.

ಅಣ್ಣ ತೀರಿಕೊಂಡ ಮೇಲೆ ಬಸವಕಲ್ಯಾಣದ ಮನೆಯಲ್ಲಿ ಉಳಿದವರು ಅತ್ತಿಗೆ-ನಾದಿನಿ ನಾವಿಬ್ಬರೇ. ಚಾಕೊಲೇಟ್ ಹಚ್ಚಿದ ಬಿಸ್ಕೀಟು ಮಾರೋಣ ಎಂದವಳು ನಾನು, ಮಾಡಿದವರು ನೀವು. ಹಿಟ್ಟು ಕಲಸಿ, ತಟ್ಟಿ, ಟ್ರೇ ಹೊತ್ತು ಬೇಕರಿಯ ಭಟ್ಟಿಗೆ ಒಯ್ದು ಬೇಯಿಸಿಕೊಂಡು ಬರುತ್ತಿದ್ದಿರಿ. ಆಮೇಲೆ ಕುದಿಯುವ ನೀರಿನ ಮೇಲೆ ಚಾಕೊಲೇಟ್ ಕರಗಿಸಿ, ಒಂದೊಂದನ್ನೇ ಅದ್ದಿ... ಗ್ಯಾಸಿನ ಉರಿ ಆರುತ್ತದೆಂದು ಫ್ಯಾನು ಕೂಡ ಹಾಕುತ್ತಿರಲಿಲ್ಲ. ನಾನು ಡಬ್ಬಿಗೆ ಚೀಟಿ ಅಂಟಿಸುತ್ತಿದ್ದೆ, ಅದೂ ನನ್ನ ಹೆಸರಿನದು.

ನಿಮಗೆ ಬೇಕಿದ್ದದ್ದು ಎಷ್ಟು? ಒಮ್ಮೆ ಅದ್ದುತ್ತಲೇ ಹೇಳಿದ್ದಿರಿ: "ತವರಿಗೆ ಹೋದಾಗ ತಮ್ಮನ ಮುಂದ ಬಸ್ಸಿನ ರೊಕ್ಕಕ್ಕ ಕೈ ಚಾಚಬೇಕಾಗ್ತದ ಸುನೀತಾ. ನನ್ನ ಗಳಿಕಿದು ಅಂತ ನಾಕು ರೂಪಾಯಿ ಇದ್ರ ಸಾಕು."

ಆದರೂ ಬೆಲೆ ಕಟ್ಟಲು ಕುಳಿತಾಗ ಮೈದಾ, ಬೆಣ್ಣೆ, ಚಾಕೊಲೇಟ್, ಗ್ಯಾಸು, ಭಟ್ಟಿಯ ಬಾಡಿಗೆ, ಡಬ್ಬಿ ಎಲ್ಲವನ್ನೂ ಹಿಡಿದೆ. ನಿಮ್ಮ ಕೂಲಿ ಹಿಡಿದರೆ ಬೆಲೆ ಏರುತ್ತಿತ್ತು, ಕಂಪನಿ ಬಿಸ್ಕೀಟಿನ ಮುಂದೆ ನಮ್ಮದನ್ನು ಯಾರು ಕೇಳುತ್ತಾರೆ ಎನ್ನಿಸಿತು — ಬಿಟ್ಟುಬಿಟ್ಟೆ. ಲಾಭವನ್ನು ಮಾತ್ರ ಮನೆಖರ್ಚಿನ ನೆಪದಲ್ಲಿ ನನ್ನ ಕೈಯಲ್ಲೇ ಇಟ್ಟುಕೊಂಡೆ.

ಹುಮನಾಬಾದಿಗೆ ಮೊದಲ ಸಲ ಮಾಲು ಒಯ್ದ ದಿನ ನೀವೂ ಜೊತೆಗಿದ್ದಿರಿ. ಅಲ್ಲಿನ ಮಾಣಿಕನಗರದ ಅಂಗಡಿಯವರು ಒಂದು ಬಿಸ್ಕೀಟು ಮುರಿದು ತಿಂದು ಕೇಳಿದರು: "ಇಷ್ಟ ಸೋವಿ ಕೊಟ್ರ ಹ್ಯಾಂಗ ಗಿಟ್ಟತದ್ರಿ? ಕೂಲಿ ಹಿಡದಿಲ್ಲೇನು?"

"ಕೂಲಿ ಎಲ್ಲಿದ್ರಿ? ನಮ್ಮ ವೈನಿ ಮನ್ಯಾಗ ಖಾಲಿನ ಇರ್ತಾರ, ಅವರೇ ಮಾಡ್ತಾರ" ಎಂದೆ. ನಗುತ್ತಲೇ ಎಂದೆ.

ನೀವು ಹಿಂದೆಯೇ ಎರಡನೇ ಚೀಲ ಹಿಡಿದು ನಿಂತಿದ್ದಿರಿ. ತಿರುಗಿ ಬರುವಾಗ ಬಸ್ಸಿನಲ್ಲಿ ಉಗುರಿನ ಸಂದಿಯ ಚಾಕೊಲೇಟ್ ಕೆರೆಯುತ್ತ ಕುಳಿತಿರಿ. ಬೈದಿದ್ದರೆ — ಇಲ್ಲ, ಅದನ್ನೂ ನಿಮ್ಮ ಮೇಲೆ ಹಾಕಬಾರದು.

ಕೆಲವು ತಿಂಗಳಾದ ಮೇಲೆ ನೀವು ರಾಜೇಶ್ವರಕ್ಕೆ, ತಮ್ಮನ ಮನೆಗೆ ಹೋಗಿ ಅಲ್ಲೇ ಉಳಿದಿರಿ. ನಾನು ಒಬ್ಬ ಹೆಣ್ಣುಮಗಳನ್ನು ಕೆಲಸಕ್ಕೆ ಇಟ್ಟುಕೊಂಡೆ. ಅವಳ ಕೂಲಿ ಸೇರಿಸಿ ಬೆಲೆ ಏರಿಸಿದಾಗ ಅದೇ ಅಂಗಡಿಯವರು ತಕರಾರೇ ಮಾಡಲಿಲ್ಲ. ಇಷ್ಟು ಸುಲಭವಿತ್ತು ವೈನಿ.

ಕ್ಷಮೆ ಕೇಳಬೇಕೆಂದೇ ಹೋದ ತಿಂಗಳು ರಾಜೇಶ್ವರಕ್ಕೆ ಬಂದದ್ದು. ನೀವು ತಮ್ಮನ ಕಿರಾಣಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಬಿಸ್ಕೀಟು ಅದ್ದುತ್ತಿದ್ದಿರಿ. ನನಗೂ ಒಂದು ಕೊಟ್ಟಿರಿ. ಹೊರಗೆ ಯಾರೋ ಗಿರಾಕಿ ಬೆಲೆ ಕೇಳಿದರು, ನಿಮ್ಮ ತಮ್ಮನ ದನಿ ಒಳಗೆ ಕೇಳಿಸಿತು: "ಸೋವಿನೇ ಅದರಿ. ಅಕ್ಕ ಮನ್ಯಾಗ ಖಾಲಿನ ಇರ್ತಾಳ, ಅಕಿನೇ ಮಾಡಾಕತ್ತಾಳ."

ನೀವು ತಲೆ ಎತ್ತಿ ನನ್ನನ್ನು ನೋಡಿದಿರಿ. ಹಾಗೆನ್ನಬೇಡಿ ಎಂದು ಹೊರಗೆ ಹೋಗಿ ಹೇಳಬೇಕಿತ್ತು. ಯಾವ ಬಾಯಿಂದ ಹೇಳಲಿ? ಬಿಸ್ಕೀಟು ಬೆರಳಿಗೆ ಕರಗಿ ಹತ್ತುತ್ತಿತ್ತು, ತಿನ್ನಲಾಗಲಿಲ್ಲ.

ನಾನು ಕ್ಷಮೆ ಕೇಳದೆಯೇ ಹೊರಟಾಗ ಬಸ್ಸಿನ ತನಕ ಬಿಟ್ಟು ಬರುತ್ತೇನೆಂದು ನೀವೂ ಎದ್ದಿರಿ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಆ ಕೈಯನ್ನು ತಮ್ಮನ ಕಡೆ ಚಾಚಿದಿರಿ.

"ಆಟೋಕ್ಕ ರೊಕ್ಕ ಕೊಡೋ ತಮ್ಮಾ."