ಮಧ್ಯಾಹ್ನ ಒಂದೂವರೆಯ ಉತ್ತರಗಳು

ಆರನೇ ತರಗತಿಯ ನಡುವೆಯೇ ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ಇಳಿದವನು ನಾನು. ಮಸ್ಕಿಯಲ್ಲಿ ನಾನು ಏರಿಸಿದ ಗೋಡೆಗಳಲ್ಲಿ ಒಂದೂ ಇವತ್ತಿನವರೆಗೆ ಬಿರಿದಿಲ್ಲ. ಕೋಣೆಯ ಅಳತೆ ಹೇಳಿದರೆ ಸಾಕು, ಇಟ್ಟಿಗೆ ಎಷ್ಟು, ಸಿಮೆಂಟು ಎಷ್ಟು ಎಂದು ನಿಂತಲ್ಲೇ ಹೇಳುತ್ತೇನೆ. ಇಂಜಿನಿಯರು ಕಾಗದದ ಮೇಲೆ ಮಾಡಿ ಮುಗಿಸುವಷ್ಟರಲ್ಲಿ ನನ್ನ ಉತ್ತರ ಬಂದಿರುತ್ತದೆ.

ಮಗಳು ಹತ್ತನೇ ತರಗತಿಗೆ ಬಂದಾಗ ಅವಳ ಗಣಿತದ ಮಾಸ್ತರರು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು.

“ಇದು ಸುಮ್ನ ಪಾಠ ಹೇಳೂದಲ್ಲ ರೀ. ಹುಡುಗಿ ಎಲ್ಲಿ ತಪ್ತಾಳ, ಎಲ್ಲಿ ತಡವರಿಸ್ತಾಳ, ಎಲ್ಲಾ ನೋಡ್ಕೋತದ. ಬಂದಿದ್ದನ್ನ ಬಿಟ್ಟು ಬರಲಾರದ್ದನ್ನ ಕಲಿಸ್ತದ,” ಎಂದರು.

ಲಿಂಗಸುಗೂರಿನಲ್ಲಿ ಆಯ್ದ ಮಕ್ಕಳಿಗೆ ವಿಶೇಷ ತರಗತಿ ನಡೆಯುತ್ತಿತ್ತು. ಅಲ್ಲಿಗೆ ಹೋಗಲೇಬೇಕೆಂದು ಮಗಳು ಹಟ ಹಿಡಿದಿದ್ದಳು. ಆ್ಯಪಿನ ಸಾಧನೆ, ಶಾಲೆಯ ಪರೀಕ್ಷೆ ಎರಡನ್ನೂ ನೋಡಿ ಆರಿಸುತ್ತಿದ್ದರು.

ಮನೆಗೆಲ್ಲ ಅದೊಂದೇ ಮೊಬೈಲು. ಹಗಲು ನನ್ನ ಜೇಬಿನಲ್ಲಿ, ಸಂಜೆ ಅವಳ ಕೈಯಲ್ಲಿ.

ಆಗ ಸಿಂಧನೂರಿನಲ್ಲಿ ನನ್ನ ಕೆಲಸ ನಡೆದಿತ್ತು. ಒಂದು ದಿನ ಮಧ್ಯಾಹ್ನ ಬುತ್ತಿ ಉಂಡು ಕೂತವನು ಸುಮ್ಮನೆ ಮಗಳ ಆ್ಯಪ್ ತೆರೆದೆ. ನೀರಿನ ತೊಟ್ಟಿಯ ಲೆಕ್ಕ ಕೇಳಿತ್ತು. ಇದೇನು ಮಹಾ ಎಂದು ಒತ್ತಿದೆ. ಹಸಿರು ಗುರುತು ಮೂಡಿತು. ಇನ್ನೊಂದು, ಮತ್ತೊಂದು. ಕೊನೆಗೆ, ‘ಶಹಬ್ಬಾಸ್, ನೀನು ಮುಂದಿನ ಹಂತಕ್ಕೆ ಸಿದ್ಧ’ ಎಂದಿತು. ಶಾಲೆಯಲ್ಲಿದ್ದಷ್ಟು ದಿನ ಆ ಮಾತು ನನಗೆ ಯಾರೂ ಹೇಳಿರಲಿಲ್ಲ. ಮರುದಿನವೂ ತೆರೆದೆ. ಆಮೇಲಾಮೇಲೆ ಊಟವಾದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

“ಮೇಸ್ತ್ರಿ, ಹತ್ತನೇತ್ತಿ ಪರೀಕ್ಷಾ ಕಟ್ಟೀಯೇನಪಾ? ಪಾಸಾದ್ರ ಪೇಡೆ ಕೊಡ್ಸು ಮತ್ತ,” ಎಂದು ಜೊತೆಯ ಗೌಂಡಿ ನಗುತ್ತಿದ್ದ.

“ನಿನ್ನ ಗೋಡಿ ಸೊಟ್ಟ ಆಗ್ಯಾದ, ಮೊದಲ ಅದನ್ನ ನೋಡ್ಲೇ,” ಎನ್ನುತ್ತಿದ್ದೆ.

ಸಂಜೆ ಮಗಳು ಮೊಬೈಲು ಹಿಡಿದು ಕೂತಲ್ಲೇ ಕೂತಿರುತ್ತಿದ್ದಳು.

“ಯಪ್ಪಾ, ಇದು ನಡುವಿಂದೆಲ್ಲಾ ಬಿಟ್ಟು ಮುಂದಕ್ಕ ಓಡಾಕತ್ತದ. ನನಗ ತಿಳಿವಲ್ದು.”

“ನೀ ಶಾಣ್ಯಾಕಿ ಅಂತ ಅದ ಹೇಳಾಕತ್ತದ. ನಿನಗೇನ್ ಧಾಡಿ?” ಎಂದು ಗದರಿದೆ. ಅದು ಹೊಗಳಿದ್ದು ನನ್ನನ್ನು ಎಂದು ಹೇಳಲು ಬಾಯಿ ಬರಲಿಲ್ಲ.

ಪಾಲಕರ ಸಭೆಯಲ್ಲಿ ಮಾಸ್ತರರು ಎಲ್ಲರೆದುರು ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಆ್ಯಪಿನಲ್ಲಿ ಇಡೀ ಶಾಲೆಗೇ ಮೊದಲು; ಪರೀಕ್ಷೆಯಲ್ಲಿ ನಪಾಸು.

“ಸರಿ ಉತ್ತರ ಎಲ್ಲಾ ಮಧ್ಯಾಹ್ನ ಒಂದೂವರಿ ಸುಮಾರ ಬಂದಾವ. ಆಗ ನೀ ಸಾಲ್ಯಾಗ ಇರ್ತಿ. ಯಾರ ಕಡಿಂದ ಮಾಡಿಸೀದಿ?”

ಅವಳು ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿದಳು. ಆ ಹೊತ್ತಿಗೆ ಮೊಬೈಲು ಯಾರ ಬಳಿ ಇರುತ್ತದೆಂದು ಅವಳಿಗೆ ಗೊತ್ತು. ನಾವು ಕೂತಿದ್ದ ಕೋಣೆಯ ಗೋಡೆಗೆ ಗಿಲಾವು ಮಾಡಿದ್ದು ನಾನೇ. ಸುತ್ತ ಕೂತವರಲ್ಲಿ ಎಷ್ಟೋ ಜನರ ಮನೆಯೂ ನನ್ನ ಕೈಯದೇ. ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

“ಬ್ಯಾರೇದವರ ಕಡಿಂದ ಮಾಡಿಸೀನ್ರಿ ಸರ್. ತಪ್ಪಾಯ್ತು,” ಎಂದಳು.

ಲಿಂಗಸುಗೂರಿನ ಪಟ್ಟಿಯಿಂದ ಅವಳ ಹೆಸರು ಹೋಯಿತು.

ಬೈಕಿನ ಹಿಂದೆ ಕೂತವಳು ಹಳ್ಳದ ಸೇತುವೆ ದಾಟಿದ ಮೇಲೆ ಕೇಳಿದಳು.

“ಯಪ್ಪಾ, ಆ ಲೆಕ್ಕ ನಿನಗ ಅಷ್ಟ್ ಚಂದ ಬರ್ತಿತ್ತಂದ್ರ, ನನಗ ಯಾಕ ಹೇಳಿಕೊಡಲಿಲ್ಲ?”

ಗಾಡಿಯ ಸದ್ದಿನಲ್ಲಿ ಕೇಳಿಸದವನಂತೆ ನಾನು ಮುಂದೆ ನೋಡುತ್ತ ಓಡಿಸಿದೆ.